ಚೌಕಳಿ ಇಲ್ಲದ ಕಿಲ್ಟು, ಎಡಿನ್‌ಬರೋ ಚಳಿ

"ಕಿಲ್ಟ್ ಹಾಕಿದ್ರೆ ಚಳಿಗೆ ಕಾಲು ಕೊರೆಯಲ್ವಾ?" ಅಂತ ಕೇಳದೇ ಇರೋರು ಯಾರೂ ಇಲ್ಲ. ಊರಿಂದ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಅದನ್ನೇ ಕೇಳ್ತಾರೆ, ಆಫೀಸಲ್ಲಿ ಪಕ್ಕದ ಸೀಟಿನ ಹುಡುಗನೂ ಅದನ್ನೇ ಕೇಳ್ತಾನೆ. ಇವತ್ತು ಬೆಳಗ್ಗೆ ಎಂಟೂವರೆ, ಜನವರಿ ಅಲ್ವಾ, ಹೊರಗಡೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಫೋನಲ್ಲಿ 2 ಡಿಗ್ರಿ ತೋರಿಸ್ತಿತ್ತು. ನಾನು ಬೂದು ಬಣ್ಣದ ಪ್ಲೇನ್ ಉಲ್ಲನ್ ಕಿಲ್ಟ್, ಅದೇ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಮಂಡಿವರೆಗೆ ಉಡೋ ನೆರಿಗೆ ಬಟ್ಟೆ, ಹಾಕ್ಕೊಂಡು ಎಡಿನ್‌ಬರೋದ ಲೀಥ್ ವಾಕ್ ರಸ್ತೆ ಹಿಡ್ಕೊಂಡು ನಡ್ಕೊಂಡೇ ಹೋದೆ, ಅರ್ಧ ಗಂಟೆ ದಾರಿ, ಆಫೀಸ್ ಮುಟ್ಟೋ ಹೊತ್ತಿಗೆ ಗ್ಲೌಸ್ ಮರೆತು ಹೋಗಿದ್ದಕ್ಕೆ ಕೈಬೆರಳು ಮರಗಟ್ಟಿತ್ತೇ ಹೊರತು ಸೊಂಟದಿಂದ ಮಂಡಿವರೆಗೂ ಬೆಚ್ಚಗಿತ್ತು. ಕೇಳಿದೋರಿಗೆಲ್ಲ ನಿಂತ್ಕೊಂಡು ಉತ್ತರ ಹೇಳೋ ಬದಲು ಒಂದ್ಸಲ ಕೂತು ಬರೆದುಬಿಡೋಣ ಅಂತ ಇದು.

ಉತ್ತರ ಒಂದೇ ಮಾತಲ್ಲಿ ಹೇಳ್ಬಹುದು, ತೂಕ. ಕಿಲ್ಟ್ ವಿಷಯದಲ್ಲಿ ಬಣ್ಣ ಆಮೇಲೆ, ಸ್ಟೈಲ್ ಆಮೇಲೆ, ಮೊದಲು ಬಟ್ಟೆ ಎಷ್ಟು ತೂಗತ್ತೆ ಅನ್ನೋದು. ಇದು ಗೊತ್ತಾಗೋಕೆ ನಂಗೆ ಎರಡು ಚಳಿಗಾಲ, ಎರಡು ಕಿಲ್ಟ್ ಬೇಕಾಯ್ತು.

ಇಲ್ಲಿಗೆ ಬಂದ ಹೊಸದರಲ್ಲಿ ಕಿಲ್ಟ್ ಅಂದ್ರೆ ಮದುವೆ ಮನೆ ಬಟ್ಟೆ ಅಂತಲೇ ಅಂದ್ಕೊಂಡಿದ್ದೆ, ಬಾಡಿಗೆಗೆ ತಂದ, ಟಾರ್ಟನ್ ಅನ್ನೋ ಬಣ್ಣಬಣ್ಣದ ಚೌಕಳಿ ಬಟ್ಟೆಯ ಕಿಲ್ಟು, ಕ್ರೀಮ್ ಕಲರ್ ಸಾಕ್ಸು, ಬೆಳ್ಳಿ ಬಟನ್ನಿನ ಕರಿ ಜಾಕೆಟ್ಟು. ಆಮೇಲೆ ಒಂದು ಫೆಬ್ರವರಿಯಲ್ಲಿ ಮರ್‍ರೀಫೀಲ್ಡ್ ಸ್ಟೇಡಿಯಮ್ಮಿಗೆ ರಗ್ಬಿ ಮ್ಯಾಚ್ ನೋಡೋಕೆ ಹೋದೆ, ಅಲ್ಲಿ ನೋಡಿದ್ರೆ ಬೇರೆಯದೇ ಲೋಕ. ಕಿಲ್ಟ್ ಮೇಲೆ ರಗ್ಬಿ ಟೀಶರ್ಟು, ಕಾಲಲ್ಲಿ ದಪ್ಪ ಬೂಟು, ಸಾಕ್ಸ್ ಕೆಳಗೆ ಸುತ್ತಿ ಬಿಟ್ಟಿದ್ದಾರೆ, ಅರವತ್ತು ದಾಟಿದ ಅಜ್ಜಂದ್ರು ಹಳೇ ಜಂಪರ್, ಅಂದ್ರೆ ಸ್ವೆಟರ್, ಹಾಕ್ಕೊಂಡು ಚಿಪ್ಸ್ ತಿಂತಾ ನಡೀತಿದ್ದಾರೆ, ಯಾರೂ ಯಾರನ್ನೂ ತಿರುಗಿ ನೋಡ್ತಿಲ್ಲ. ನಮ್ಮ ಕಡೆ ಪಂಚೆ ಉಟ್ಟು ಪೇಟೆಗೆ ಹೊರಟ ಹಾಗೆ. ಅವತ್ತೇ ನಂಗೆ ಆಸೆ ಹುಟ್ಟಿದ್ದು. ಯೋಚನೆ ಮಾಡಿ ನೋಡಿ, ಸ್ಕಾಟ್ಲೆಂಡಿನಲ್ಲಿ ಜನ ಕಿಲ್ಟ್ ಹಾಕೋ ಎಷ್ಟೋ ದೊಡ್ಡ ದಿನಗಳು ಚಳಿಯಲ್ಲೇ ಬರತ್ತೆ. ಇಲ್ಲಿನ ನಾಡಹಬ್ಬ ಸೇಂಟ್ ಆಂಡ್ರೂಸ್ ಡೇ ನವೆಂಬರ್ 30, ಹೊಸವರ್ಷ ಬರಮಾಡ್ಕೊಳ್ಳೋ ಹಾಗ್‌ಮನೇ ಡಿಸೆಂಬರ್ 31ರ ರಾತ್ರಿ, ಕವಿ ರಾಬರ್ಟ್ ಬರ್ನ್ಸ್ ನೆನಪಿನ ಬರ್ನ್ಸ್ ನೈಟ್ ಜನವರಿ 25, ರಗ್ಬಿ ಫೆಬ್ರವರಿ ಮಾರ್ಚ್. ಚಳಿಗೆ ಆಗಿಬರಲ್ಲ ಅನ್ನೋ ಬಟ್ಟೆ ಇಷ್ಟು ವರ್ಷ ಈ ದಿನಗಳಲ್ಲೇ ಉಳ್ಕೊಂಡು ಬರ್ತಿತ್ತಾ?

ಟಾರ್ಟನ್ ಯಾಕೆ ಬೇಡ ಅಂದೆ ಅಂದ್ರೆ, ಬೇಡ ಅಂತಲ್ಲ, ಯಾರು ಬೇಕಾದ್ರೂ ಹಾಕ್ಬಹುದು, ಯಾವ ಕಾನೂನೂ ಇಲ್ಲ. ಆದ್ರೆ ಎಷ್ಟೋ ಚೌಕಳಿಗಳಿಗೆ ಒಂದೊಂದು ಮನೆತನದ ಹೆಸರು ಅಂಟ್ಕೊಂಡಿರತ್ತೆ, ಯಾರಾದ್ರೂ ಹಿರಿಯರು ಪ್ರೀತಿಯಿಂದ "ಇದು ಯಾವ ಮನೆತನದ್ದು?" ಅಂತ ಕೇಳಿದ್ರೆ ನನ್ನ ಹತ್ರ ಹೇಳೋಕೆ ಏನೂ ಇರಲ್ಲ, ಅದು ನಂಗೆ ಕಸಿವಿಸಿ. ಪ್ಲೇನ್ ಕಿಲ್ಟಿಗೆ ಆ ಪ್ರಶ್ನೆನೇ ಇಲ್ಲ. ಹಾಗಂತ ಪ್ಲೇನ್ ಅಂದ್ರೆ ಇವತ್ತು ನಿನ್ನೆ ಹುಟ್ಟಿದ ಫ್ಯಾಷನ್ನೂ ಅಲ್ಲ. ಲಂಡನ್ ಸ್ಕಾಟಿಷ್ ಅನ್ನೋ ರೆಜಿಮೆಂಟು 1859ರಲ್ಲಿ ಶುರುವಾದಾಗಲೇ ಲಾರ್ಡ್ ಎಲ್ಕೋ ಅನ್ನೋರು ಟಾರ್ಟನ್ ಬಿಟ್ಟು ಹಾಡನ್ ಗ್ರೇ ಅನ್ನೋ ಬಣ್ಣ ಆರಿಸಿದ್ರು, ಹಳ್ಳಿ ಜನ ಉಡ್ತಿದ್ದ ಮಣ್ಣುಬೂದು ಉಣ್ಣೆ, ಬೇಟೆಗಾರ ಹೇಗೆ ಕಣ್ಣಿಗೆ ಬೀಳದ ಬಣ್ಣ ಹಾಕ್ತಾನೋ ಸೈನಿಕನೂ ಹಾಗೇ ಹಾಕ್ಬೇಕು ಅನ್ನೋದು ಅವರ ವಾದ. ಐರಿಷ್ ರೆಜಿಮೆಂಟಿನಲ್ಲಿ ಬ್ಯಾಗ್‌ಪೈಪ್ ಬಾರಿಸೋ ಪೈಪರ್‌ಗಳದ್ದು ಪೂರ್ತಿ ಕೇಸರಿ ಕಿಲ್ಟು, ಒಂದು ಗೆರೆನೂ ಇರಲ್ಲ. ಇಂಥಾ ಮನೆತನಕ್ಕೆ ಇಂಥಾ ಟಾರ್ಟನ್ ಅನ್ನೋ ಪಟ್ಟಿ ಗಟ್ಟಿಯಾಗಿದ್ದು 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಎಡಿನ್‌ಬರೋಗೆ ಬಂದ ಗದ್ದಲದ ಆಸುಪಾಸಿನಲ್ಲಿ. ಅದಕ್ಕಿಂತ ಮುಂಚೆ 1746ರ ಕಾಯ್ದೆ ಸೈನಿಕರಲ್ಲದ ಗಂಡಸರಿಗೆ ಹೈಲ್ಯಾಂಡಿನ, ಅಂದ್ರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ, ಈ ಉಡುಪನ್ನೇ ನಿಷೇಧ ಮಾಡಿತ್ತು, ಅದು ತೆಗೆದಿದ್ದು 1782ರಲ್ಲಿ. ಒಂದು ಬಟ್ಟೆ ಉಟ್ಟಿದ್ದಕ್ಕೆ ಜೈಲು ಅನ್ನೋ ಕಾಯ್ದೆ ಮೂವತ್ತಾರು ವರ್ಷ ಇತ್ತು ಅನ್ನೋದು ಕಿಲ್ಟ್ ಕಟ್ಕೊಳ್ಳುವಾಗ ಒಮ್ಮೊಮ್ಮೆ ನೆನಪಾಗತ್ತೆ ನಂಗೆ.

ಈಗಿನ ಕಾಲದ ಪ್ಲೇನ್ ಕಿಲ್ಟಿಗೆ ಇಲ್ಲೇ ಎಡಿನ್‌ಬರೋದಲ್ಲಿ ದಾರಿ ಮಾಡಿಕೊಟ್ಟಿದ್ದು ಹೋವಿ ನಿಕೋಲ್ಸ್‌ಬಿ, ಕಿಲ್ಟ್ ಹೊಲಿಯೋ ಮನೆತನದ ಹುಡುಗ, 90ರ ದಶಕದಲ್ಲಿ ಟ್ವೆಂಟಿಫಸ್ಟ್ ಸೆಂಚುರಿ ಕಿಲ್ಟ್ಸ್ ಶುರುಮಾಡಿ ಡೆನಿಮ್ಮು, ಲೆದರ್ರು, ಟ್ವೀಡ್ ಅನ್ನೋ ಒರಟು ಉಣ್ಣೆ ಬಟ್ಟೆ ಎಲ್ಲದರಲ್ಲೂ ಹೊಲಿದ್ರು. ಅತ್ತ ಅಮೆರಿಕಾದ ಸಿಯಾಟಲ್‌ನಲ್ಲಿ 2000ದಲ್ಲಿ ಯುಟಿಲಿಕಿಲ್ಟ್ಸ್ ಶುರುವಾಯ್ತು, ದಪ್ಪ ಕಾಟನ್ನು, ದೊಡ್ಡ ದೊಡ್ಡ ಜೇಬು, ಕೆಲಸದ ಬಟ್ಟೆ ಥರ. ಎರಡು ಬೇರೆ ಬೇರೆ ದಾರಿ. ನಂಗೆ ಮೊದಲನೇದು ಇಷ್ಟ, ಆದ್ರೆ ಜೇಬಿನ ಅನುಕೂಲ ಮಾತ್ರ ಎರಡನೇದರದ್ದೇ, ಒಪ್ಪಿಕೊಳ್ಳಲೇಬೇಕು.

ಈಗ ನನ್ನ ಕಥೆ. ಮೊದಲನೇ ಕಿಲ್ಟ್ ಆನ್‌ಲೈನಲ್ಲಿ ತಗೊಂಡಿದ್ದು, ಕಪ್ಪು, ಕಮ್ಮಿ ರೇಟು, ಪಾಲಿಯೆಸ್ಟರ್ ವಿಸ್ಕೋಸ್ ಮಿಕ್ಸು. ಫೋಟೋದಲ್ಲಿ ಚೆನ್ನಾಗೇ ಇತ್ತು. ಹಾಕ್ಕೊಂಡು ನಾರ್ತ್ ಬ್ರಿಜ್ ದಾಟೋಕೆ ಹೋದೆ, ಎಡಿನ್‌ಬರೋ ಗೊತ್ತಿರೋರಿಗೆ ಆ ಸೇತುವೆ ಗಾಳಿ ಏನು ಅಂತ ಗೊತ್ತು, ಕೆಳಗೆ ವೇವರ್ಲಿ ಸ್ಟೇಷನ್ನಿನ ಕಣಿವೆ, ಸಮುದ್ರದಿಂದ ಬರೋ ಗಾಳಿ ಅದರಲ್ಲಿ ನುಗ್ಗಿ ಮೇಲಕ್ಕೇ ಬರತ್ತೆ. ಎರಡೂ ಕೈಯಲ್ಲಿ ಬಟ್ಟೆ ಹಿಡ್ಕೊಂಡು ದಾಟಬೇಕಾಯ್ತು, ನೆರಿಗೆ ಅನ್ನೋದು ನೆರಿಗೆಯಾಗೇ ಉಳೀಲಿಲ್ಲ, ಛತ್ರಿ ಥರ ಅಗಲ ಆಗ್ಬಿಡ್ತು. ಒಳಗಡೆ ಗಾಳಿ ಹೊಕ್ಕರೆ ಚಳಿ ಆಗದೇ ಇನ್ನೇನು.

ಎರಡನೇದು ಡೆನಿಮ್. ಅದು ತೂಕ ಇತ್ತು, ಗಾಳಿಗೆ ಜಗ್ಗಲಿಲ್ಲ, ನೋಡೋಕೂ ನಂಗೆ ಭಾರಿ ಇಷ್ಟ, ಈಗಲೂ ಜೂನ್ ಜುಲೈನಲ್ಲಿ ಹಾಕ್ತೀನಿ. ಆದ್ರೆ ಪೋರ್ಟೊಬೆಲ್ಲೋ ಬೀಚಲ್ಲಿ ಒಂದು ಸಂಜೆ ಮಳೆಗೆ ಸಿಕ್ಕಿಹಾಕ್ಕೊಂಡೆ, ಸಣ್ಣ ಮಳೆನೇ, ನಮ್ಮ ಕಡೆ ಜಡಿಮಳೆ ಅಂತೀವಲ್ಲ ಅಷ್ಟೂ ಇಲ್ಲ. ಕಾಟನ್ ನೀರು ಕುಡೀತಾ ಹೋಯ್ತು, ಭಾರ ಆಗ್ತಾ ಹೋಯ್ತು, ತಣ್ಣಗೆ ತೊಡೆಗೆ ಅಂಟ್ಕೊಂಡು ಪ್ರತಿ ಹೆಜ್ಜೆಗೂ ಛಟ್ ಛಟ್ ಅಂತ ಬಡಿಯೋದು. ಮನೆಗೆ ಬಂದ್ಮೇಲೂ ಎರಡು ದಿನ ಒಣಗಲಿಲ್ಲ. ಅಂದ್ರೆ ಬರೀ ತೂಕ ಸಾಲಲ್ಲ, ಉಣ್ಣೆ ತೂಕ ಬೇಕು.

ಈ ಉಣ್ಣೆ ವಿಷಯ ನಂಗೆ ಹೊಸದೇನಲ್ಲ ಅಂತ ಆಮೇಲೆ ಹೊಳೀತು. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜ ಆರಿದ್ರಾ ಮಳೆಗೆ ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕ್ತಿದ್ರು, ಕರಿ ಕಂಬಳಿ ಮಡಚಿ ತಲೆ ಮೇಲಿಂದ ಬೆನ್ನಿಗೆ ಇಳಿಬಿಟ್ಟರೆ ಇಡೀ ದಿನ ಹುಯ್ಯೋ ಮಳೆಯಲ್ಲಿ ಕೆಲಸ. ಸಂಜೆ ಅದನ್ನ ಕೊಟ್ಟಿಗೆ ಗಳಕ್ಕೆ ನೇತುಹಾಕಿದ್ರೆ ಹೊರಗಡೆಯಿಂದ ನೀರು ಸೋರ್ತಿರತ್ತೆ, ಒಳಗಡೆ ಕೈ ಇಟ್ಟರೆ ಅಜ್ಜನ ಮೈ ಬಿಸಿ ಇನ್ನೂ ಇರೋದು. ಕುರಿ ವಾಸನೆ, ಹೊಗೆ ವಾಸನೆ. ಹೈಲ್ಯಾಂಡಿನ ಹಳೇ ದೊಡ್ಡ ಕಿಲ್ಟು, ಫೇಲ ಮೋರ್ ಅಂತಾರೆ, ಅದೂ ಇದೇ ಥರ, ಗಜಗಟ್ಟಲೆ ಉಣ್ಣೆ ಬಟ್ಟೆ ಸೊಂಟಕ್ಕೆ ಬೆಲ್ಟ್ ಬಿಗಿದು ಉಡೋದು, ಉಳಿದಿದ್ದು ಹೆಗಲ ಮೇಲೆ, ಮಳೆ ಬಂದ್ರೆ ತಲೆ ಮೇಲೆ, ರಾತ್ರಿ ಅದೇ ಹೊದಿಕೆ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟಿನಷ್ಟು ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ನಿಸಲ್ಲ, ಅಜ್ಜನಿಗೆ ಪರ್ಸೆಂಟ್ ಗೊತ್ತಿರಲಿಲ್ಲ ಅಷ್ಟೇ.

ಮೂರನೇದನ್ನ ಒಬ್ಬ ಕಿಲ್ಟ್ ಮೇಕರ್ ಹತ್ರ ಹೊಲಿಸಿದೆ, ದುಡ್ಡು ಕೂಡಿಟ್ಟು. ಅವರು ಮೊದಲು ಕೇಳಿದ್ದೇ ಎಷ್ಟು ಔನ್ಸ್ ಬೇಕು ಅಂತ, ಒಂದು ಔನ್ಸ್ ಅಂದ್ರೆ ಸುಮಾರು 28 ಗ್ರಾಂ. ಬಟ್ಟೆನ ಗಜಕ್ಕೆ ಇಷ್ಟು ಔನ್ಸ್ ಅಂತ ಲೆಕ್ಕ ಹಾಕ್ತಾರೆ, 10-11 ಅಂದ್ರೆ ಹಗುರ, 13 ಅಂದ್ರೆ ಮಧ್ಯಮ, 16 ಅಂದ್ರೆ ಭಾರ. ಫುಲ್ ಕಿಲ್ಟಿಗೆ 8 ಗಜ ಹೋಗತ್ತೆ, ಸೀರೆಗಿಂತ ಎರಡು ಗಜ ಜಾಸ್ತಿ, ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ! ಅಗಲದ ಬಟ್ಟೆ 4 ಗಜ ತಗೊಂಡು ಉದ್ದಕ್ಕೆ ಸೀಳಿ ಜೋಡಿಸ್ತಾರೆ, ಹಾಗಾಗಿ 16 ಔನ್ಸಿನದ್ದಾದ್ರೆ ಬಟ್ಟೆನೇ ಹತ್ತಿರ ಹತ್ತಿರ 1.8 ಕೆಜಿ. ಅದರಲ್ಲಿ ಹೆಚ್ಚು ಭಾಗ ಹಿಂದೆ ನೆರಿಗೆಯಲ್ಲಿ ಇರತ್ತೆ, ಮುಂದೆ ಏಪ್ರನ್ ಅನ್ನೋ ಸಪಾಟು ಭಾಗ ಎರಡು ಪದರ. ಸೊಂಟದ ಸುತ್ತ ಪದರ ಪದರವಾಗಿ ಉಣ್ಣೆ, ನಡುನಡುವೆ ಗಾಳಿ ಸಿಕ್ಕಿಹಾಕ್ಕೊಂಡು ಕೂತಿರತ್ತೆ, ಇನ್ನು ಚಳಿ ಎಲ್ಲಿಂದ ಬರ್ಬೇಕು. ಯಾವ ಜೀನ್ಸ್ ಪ್ಯಾಂಟೂ ಇಷ್ಟು ಬೆಚ್ಚಗಿರಲ್ಲ, ನಿಜ ಹೇಳ್ತಿದ್ದೀನಿ. ನಾನು ಕ್ಯಾಶುಯಲ್ಲಾಗಿ ಹಾಕೋಕೆ ಅಂತ 5 ಗಜದ್ದು ಹೊಲಿಸಿದೆ, 16 ಔನ್ಸಲ್ಲೇ, ಅದು 1.1 ಕೆಜಿ ಹತ್ರ ಬರತ್ತೆ, ದಿನಾ ಓಡಾಡೋಕೆ ಇದು ಸರಿ. ಗಜ ಕಮ್ಮಿ ಮಾಡಿದ್ರೂ ಔನ್ಸ್ ಕಮ್ಮಿ ಮಾಡ್ಬೇಡಿ, ಇದೊಂದು ಮಾತು ನೆನಪಿಟ್ಕೊಳ್ಳಿ.

ಕಿಲ್ಟ್ ಬಟ್ಟೆಗೆ ಕೆಳಗಡೆ ಮಡಚಿ ಹೊಲಿಗೆ ಹಾಕಿರಲ್ಲ, ಮಗ್ಗದ ಅಂಚೇ ಕೆಳಗೆ ಬರೋ ಹಾಗೆ ನೇಯ್ದಿರ್ತಾರೆ. ಅದಕ್ಕೇ ನೆರಿಗೆ ಅಷ್ಟು ಚೆನ್ನಾಗಿ ಆಡೋದು. ಟ್ವೀಡಲ್ಲಿ ಇಲ್ಲೊಂದು ತೊಡಕಿದೆ, ಟ್ವೀಡ್ ನೋಡೋಕೆ ಚಂದ, ಬೆಚ್ಚಗೆ, ಅದರಲ್ಲೂ ಹ್ಯಾರಿಸ್ ಟ್ವೀಡ್ ಅಂದ್ರೆ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಜನ ಅವರವರ ಮನೆಯಲ್ಲೇ ಮಗ್ಗದ ಮೇಲೆ ನೇಯ್ದಿದ್ದೇ ಆಗಿರಬೇಕು, 1993ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿದೆ ಅದಕ್ಕೆ. ಆದ್ರೆ ಅದು ಮೆತ್ತಗೆ, ಉಬ್ಬು, ಸಣ್ಣ ಸಣ್ಣ ನೆರಿಗೆ ಹಿಡಿದ್ರೆ ಹಿಂದೆ ದಪ್ಪಗೆ ಕಾಣತ್ತೆ, ಚೂಪು ಅಂಚೂ ನಿಲ್ಲಲ್ಲ. ಅದಕ್ಕೆ ಎರಡೂ ಪಕ್ಕಕ್ಕೆ ಮಡಚೋ ಬಾಕ್ಸ್ ಪ್ಲೀಟ್ ಹೇಳಿ ಹೊಲಿಸಿ, ಅಗಲದ ನೆರಿಗೆ ಕೆಲವೇ ಬಂದ್ರೆ ಸಾಕು. ವರ್ಸ್‌ಟೆಡ್ ಅನ್ನೋ ನುಣುಪು ನೂಲಿನ ಉಣ್ಣೆಗೆ, ಎಲ್ಲಾ ಒಂದೇ ಕಡೆಗೆ ಮಡಚೋ ಮಾಮೂಲಿ ನೈಫ್ ಪ್ಲೀಟೇ ಚಂದ. ಪ್ಲೇನ್ ಬಟ್ಟೆಯಲ್ಲಿ ಚೌಕಳಿ ಇರಲ್ಲ ಅಲ್ವಾ, ಹೊಲಿಗೆ ಒಂಚೂರು ಸೊಟ್ಟಗಿದ್ರೂ ಮುಚ್ಚಿಟ್ಕೊಳ್ಳೋಕೆ ಏನೂ ಇಲ್ಲ, ಕಣ್ಣು ಸೀದಾ ನೆರಿಗೆ ಮೇಲೇ ಹೋಗತ್ತೆ. ಅದಕ್ಕೇ ಪ್ಲೇನ್ ಕಿಲ್ಟಿಗೆ ಒಳ್ಳೇ ಕೈನೇ ಬೇಕು.

ಎಲ್ಲಿ ಕಟ್ಬೇಕು ಅನ್ನೋದರಲ್ಲಿ ತುಂಬಾ ಜನ ತಪ್ತಾರೆ, ಪ್ಯಾಂಟ್ ಥರ ಸೊಂಟದ ಕೆಳಗೆ ಇಳಿಸ್ತಾರೆ. ಅಲ್ಲ, ಹೊಕ್ಕಳ ಹತ್ರ ಬರಬೇಕು, ಕೆಳಗಿನ ಅಂಚು ಮಂಡಿ ಚಿಪ್ಪಿನ ನಡುವಿಗೆ. ಮಂಡಿಗಿಂತ ಕೆಳಗೆ ಬಂದ್ರೆ ಹಾಕಿದೋರು ಕುಳ್ಳಗೆ ಕಾಣ್ತಾರೆ, ಮಳೆಯಲ್ಲಿ ಹಿಂದೆ ಉಜ್ಜತ್ತೆ ಕೂಡ. ಪಿನ್ ಹಾಕೋದಾದ್ರೆ ಮೇಲಿನ ಏಪ್ರನ್‌ಗೆ ಮಾತ್ರ, ಎರಡೂ ಪದರಕ್ಕೆ ಚುಚ್ಚಿದ್ರೆ ಬಟ್ಟೆ ಎಳೆದು ಹರಿಯತ್ತೆ.

ಇನ್ನು ಕಾಲು. ಚಳಿಯ ಅರ್ಧ ಕೆಲಸ ಸಾಕ್ಸಿನದ್ದು. ಇಲ್ಲಿ ಹೋಸ್ ಅಂತಾರೆ, ಮಂಡಿ ಕೆಳಗಿನವರೆಗೂ ಬರೋ ದಪ್ಪ ಉಣ್ಣೆ ಸಾಕ್ಸು, ಮೇಲ್ಗಡೆ ಮಡಚಬೇಕು, ಮಡಚಿದ ಅಂಚು ಮಂಡಿಯಿಂದ ಮೂರು ಬೆರಳು ಕೆಳಗಿರಬೇಕು. ಆ ಮಡಿಕೆ ಅಲಂಕಾರಕ್ಕೆ ಅಂತ ನಾನಂದ್ಕೊಂಡಿದ್ದೆ, ಅಲ್ಲ, ಮೀನಖಂಡದ ಮೇಲೆ ಎರಡು ಪದರ ಉಣ್ಣೆ ಬರತ್ತೆ ನೋಡಿ, ಗಾಳಿ ಹೊಡೆಯೋ ಜಾಗಕ್ಕೆ ಸರಿಯಾಗಿ. ಒಳಗಡೆ ಗಾರ್ಟರ್ ಅನ್ನೋ ಪಟ್ಟಿ ಕಟ್ಟಿದ್ರೆ ಜಾರಲ್ಲ. ಬಣ್ಣ ಕ್ರೀಮ್ ಮಾತ್ರ ಬೇಡ, ಅದು ಬಾಡಿಗೆ ಮದುವೆ ಸೆಟ್ಟನ್ನೇ ನೆನಪಿಸತ್ತೆ. ಬೂದು ಕಿಲ್ಟಿಗೆ ನಾನು ಬಾಟಲ್ ಗ್ರೀನ್ ಅಥವಾ ಸಾಸಿವೆ ಹಳದಿ ಹಾಕ್ತೀನಿ, ಕಾಲಲ್ಲಿ ಬಣ್ಣ ಇದ್ರೆ ಇಲ್ಲಿನ ಮೋಡದ ದಿನಗಳಲ್ಲಿ ಮನಸ್ಸಿಗೂ ಹಿತ. ಸಾಕ್ಸನ್ನ ಬೂಟಿನ ಮೇಲೆ ಸುತ್ತಿ ಬಿಡೋ ಸ್ಟೈಲ್ ಇದೆಯಲ್ಲ, ಚಂದನೇ, ಆದ್ರೆ 8 ಡಿಗ್ರಿ ಮೇಲಿದ್ದಾಗ. ಬೂಟು ದಪ್ಪ ಸೋಲಿಂದೇ ಬೇಕು, ಕಿಲ್ಟ್ ತೂಕ ಮೇಲಿರುವಾಗ ಕೆಳಗೆ ತೆಳು ಶೂ ಹಾಕಿದ್ರೆ ಇಡೀ ಆಕಾರ ತಲೆಕೆಳಗಾದ ಹಾಗೆ ಕಾಣತ್ತೆ.

ಒಳಗೆ ಏನು ಹಾಕ್ತೀರ ಅನ್ನೋ ಪ್ರಶ್ನೆಗೂ ನೇರವಾಗೇ ಹೇಳ್ತೀನಿ, ತೊಡೆವರೆಗೆ ಬರೋ ಮೆರಿನೋ ಉಣ್ಣೆ ಬಾಕ್ಸರ್. ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಜನವರಿಯಲ್ಲಿ ಕೂರೋರಿಗೆ ಬೇರೆ ಉತ್ತರ ಬೇಕಿಲ್ಲ. ಲೆಗ್ಗಿಂಗ್ಸ್ ಹಾಕ್ಬಹುದಾ ಅಂತ ಒಬ್ಬರು ಕೇಳಿದ್ರು, ಹಾಕ್ಬಹುದು, ಆದ್ರೆ ಬಟ್ಟೆ ಸರಿಯಾದ ತೂಕದ್ದಾದ್ರೆ ಬೇಕಾಗಲ್ಲ. ಮಂಡಿ? ಮೊದಲ ಹತ್ತು ನಿಮಿಷ ಚಳಿ ಆಗತ್ತೆ, ಆಮೇಲೆ ಮುಖ ಹೇಗೋ ಮಂಡಿನೂ ಹಾಗೇ, ಅದಕ್ಕೆ ಅಭ್ಯಾಸ ಆಗ್ಬಿಡತ್ತೆ. ನಡೀತಿದ್ರೆ ಚಳಿನೇ ಇಲ್ಲ, ನಿಂತ್ರೆ ಮಾತ್ರ.

ಮೇಲೆ ಏನು ಹಾಕ್ಬೇಕು ಅನ್ನೋದೇ ನಂಗೆ ಎಲ್ಲಕ್ಕಿಂತ ಖುಷಿ ಕೊಡೋ ಭಾಗ. ಟಾರ್ಟನ್ ಕಿಲ್ಟಲ್ಲಿ ಬಣ್ಣ, ಗೆರೆ ಎಲ್ಲಾ ಕೆಳಗೇ ತುಂಬಿರತ್ತೆ, ಮೇಲೆ ಪ್ಲೇನ್ ಹಾಕದೇ ಬೇರೆ ದಾರಿ ಇಲ್ಲ. ಪ್ಲೇನ್ ಕಿಲ್ಟಲ್ಲಿ ಅದು ಉಲ್ಟಾ, ಶೆಟ್ಲೆಂಡಿನ ಫೇರ್ ಐಲ್ ಜಂಪರ್ ಇದೆಯಲ್ಲ, ಸಾಲು ಸಾಲು ನಕ್ಷತ್ರ, ಹೂವು, ವಜ್ರದ ಚಿತ್ತಾರ, ಅದನ್ನ ಧಾರಾಳವಾಗಿ ಹಾಕ್ಬಹುದು. ಚೆಕ್ಸ್ ಫ್ಲಾನೆಲ್ ಶರ್ಟ್ ಹಾಕ್ಬಹುದು. ಆದ್ರೆ ಉದ್ದ ನೋಡ್ಕೊಳ್ಳಿ, ಜಂಪರ್ ಸೊಂಟಕ್ಕೆ ನಿಲ್ಲಬೇಕು. ಕಿಲ್ಟ್ ಎತ್ತರಕ್ಕೆ ಕಟ್ಟಿರ್ತೀವಿ, ಮಾಮೂಲಿ ಸ್ವೆಟರ್ ತೊಡೆವರೆಗೂ ಬಂದ್ರೆ ನೆರಿಗೆ ಬಿಚ್ಚಿಕೊಳ್ಳೋ ಜಾಗನೇ ಮುಚ್ಚಿಹೋಗತ್ತೆ, ನೋಡೋರಿಗೆ ಡಬ್ಬ ಥರ ಕಾಣತ್ತೆ. ಕಿಲ್ಟ್ ಜಾಕೆಟ್ಟುಗಳನ್ನ ಸೂಟಿನ ಜಾಕೆಟ್ಟಿಗಿಂತ ಗಿಡ್ಡ ಕತ್ತರಿಸೋದೂ ಇದಕ್ಕೇ. ಆಫೀಸಿಗೆ ಹಳೇ ಸೂಟ್ ಜಾಕೆಟ್ ಹಾಕ್ಕೊಂಡು ಹೋಗಿದ್ದೆ ಒಂದ್ಸಲ, ಕನ್ನಡಿ ನೋಡಿ ಅಲ್ಲೇ ತೆಗೆದಿಟ್ಟೆ.

ಮೇಲಂಗಿಗೂ ಇದೇ ಲೆಕ್ಕ, ಒಂದೋ ಸೊಂಟಕ್ಕೆ ನಿಲ್ಲೋ ಗಿಡ್ಡ ಜಾಕೆಟ್ ಹಾಕಿ, ಇಲ್ಲಾ ಮಂಡಿ ದಾಟೋ ಉದ್ದದ ಕೋಟ್ ಹಾಕಿ. ಕಿಲ್ಟಿನ ಅಂಚಿಗೆ ಸರಿಯಾಗಿ ನಿಲ್ಲೋ ಕೋಟ್ ಹಾಕಿದ್ರೆ ಒಳಗೆ ಏನೂ ಉಟ್ಟಿಲ್ಲ ಅನ್ನೋ ಹಾಗೆ ಕಾಣತ್ತೆ. ಜೋರು ಚಳಿಗೆ ನನ್ನ ಜೋಡಿ ಅಂದ್ರೆ ಒಳಗೆ ಮೆರಿನೋ, ಮೇಲೆ ಫೇರ್ ಐಲ್, ಅದರ ಮೇಲೆ ತೋಳಿಲ್ಲದ ಉಬ್ಬು ಪಫರ್ ಜಾಕೆಟ್, ಮಳೆ ಇದ್ರೆ ಮೇಣ ಹಚ್ಚಿದ ವ್ಯಾಕ್ಸ್ ಜಾಕೆಟ್. ಬ್ಯಾಗ್‌ಪೈಪ್ ಬಾರಿಸೋರು ಇನ್ವರ್ನೆಸ್ ಕೇಪ್ ಅಂತ ತೋಳಿಲ್ಲದ ಮೇಲಂಗಿ ಹಾಕ್ತಾರೆ, ಕೈ ಆಡಿಸೋಕೆ ಜಾಗ ಇರತ್ತೆ, ಪೈಪೂ ಒಣಗಿರತ್ತೆ, ಅದನ್ನ ದೂರದಿಂದ ಮಳೆಯಲ್ಲಿ ನೋಡಿದಾಗೆಲ್ಲ ನಂಗೆ ಕಂಬಳಿ ಕೊಪ್ಪೆನೇ.

ಸ್ಪೋರನ್, ಅದೇ ಮುಂದೆ ನೇತಾಡೋ ಚೀಲ, ಕೂದಲಿನದ್ದು ಮದುವೆಗೆ ಇರಲಿ, ದಿನಬಳಕೆಗೆ ಚಿಕ್ಕದೊಂದು ಕಂದು ಲೆದರಿಂದು ಸಾಕು, ಫೋನು, ಬಸ್ ಕಾರ್ಡು, ಮನೆ ಕೀ ಹಿಡಿಯತ್ತೆ. ಚೈನ್ ಬದಲು ಲೆದರ್ ಪಟ್ಟಿ ಹಾಕಿ, ಚೈನ್ ಪ್ಲೇನ್ ಬಟ್ಟೆಯನ್ನ ಹಿಂದೆ ಬೇಗ ಸವೆಸತ್ತೆ. ಬಸ್ಸಲ್ಲಿ ಕೂರುವಾಗ ಅದನ್ನ ಪಕ್ಕಕ್ಕೆ ಸರಿಸ್ಕೊಳ್ಳೋದು.

ಬಣ್ಣದ ವಿಷಯ ಚಿಕ್ಕದಾಗಿ ಹೇಳ್ತೀನಿ, ಎಲ್ಲರೂ ಮೊದಲು ಕಪ್ಪು ತಗೋತಾರೆ, ನಾನೂ ತಗೊಂಡಿದ್ದೆ. ಕಪ್ಪಲ್ಲಿ ನೆರಿಗೆಯ ನೆರಳು ಕಾಣಲ್ಲ, ಅಷ್ಟು ಕಷ್ಟಪಟ್ಟು ಹಿಡಿದ ನೆರಿಗೆ ದೂರದಿಂದ ಒಂದು ಕರಿ ಗುಡ್ಡೆ. ಇದ್ದಿಲು ಬೂದು, ಲವಟ್ ಅನ್ನೋ ಮಬ್ಬು ಹಸಿರು, ತೊಗಟೆ ಕಂದು, ಇವುಗಳಲ್ಲಿ ನಡೆಯುವಾಗ ಒಂದೊಂದು ನೆರಿಗೆನೂ ತೆರೆದು ಮುಚ್ಚೋದು ಕಾಣತ್ತೆ. ಈ ಊರಿನ ಕಲ್ಲಿನ ಗೋಡೆಗಳ ಪಕ್ಕ ಆ ಬಣ್ಣಗಳು ಎಷ್ಟು ಹೊಂದ್ಕೋತವೆ ಅಂದ್ರೆ, ಬಂದೇ ನೋಡ್ಬೇಕು.

ಕೂರೋದು ಪಂಚೆ ಉಟ್ಟು ಅಭ್ಯಾಸ ಇರೋರಿಗೆ ಹೇಳಿಕೊಡೋದೇ ಬೇಡ, ಹಿಂದಿನಿಂದ ಅಂಗೈಯಲ್ಲಿ ನೆರಿಗೆ ಸವರಿಕೊಂಡು ಕೂತ್ರಾಯ್ತು. ಅಪ್ಪ ಜಗಲಿ ಮೇಲೆ ಪಂಚೆ ಸರಿಮಾಡ್ಕೊಂಡು ಕೂರ್ತಿದ್ದ ಅದೇ ಕೈ, ನನ್ನ ಕೈಗೆ ಯಾರೂ ಕಲಿಸದೇ ಬಂತು.

ಜೋರು ಮಳೆಯಲ್ಲಿ ಎಂಥಾ ಒಳ್ಳೇ ಉಣ್ಣೆಯಾದ್ರೂ ಒಂದು ತೊಂದರೆ ಇದ್ದೇ ಇದೆ, ಒದ್ದೆ ಅಂಚು ಮಂಡಿ ಹಿಂದೆ ಉಜ್ಜಿ ಉಜ್ಜಿ ಕೆಂಪಾಗತ್ತೆ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಕಿಲ್ಟ್ ಅಂಚಿಗೆ ಕೆಸರು ಮೆತ್ತಿ, ಚಳಿಗೆ ಗಟ್ಟಿಯಾಗಿ, ಸೈನಿಕರ ಕಾಲನ್ನೇ ಕೊಯ್ದುಹಾಕ್ತಿತ್ತು ಅಂತ ಓದಿದಾಗ ಹೊಟ್ಟೆ ಹಿಂಡಿದ ಹಾಗಾಯ್ತು, ನಮ್ಮದೆಲ್ಲ ಅದರ ಮುಂದೆ ಏನೂ ಅಲ್ಲ. ಹೊರಡೋ ಮುಂಚೆ ಮಂಡಿ ಹಿಂದೆ ವ್ಯಾಸಲಿನ್ ಹಚ್ಕೊಂಡ್ರೆ ಸಾಕು. ಮನೆಗೆ ಬಂದ್ಮೇಲೆ ಹೀಟರ್ ಮೇಲೆ ಮಾತ್ರ ಹಾಕ್ಬೇಡಿ, ಸೊಂಟದ ಪಟ್ಟಿಗೆ ಕ್ಲಿಪ್ ಹಾಕಿ ನೇತುಹಾಕಿ, ಒದ್ದೆ ಇರುವಾಗಲೇ ಒಂದೊಂದೇ ನೆರಿಗೆ ಬೆರಳಲ್ಲಿ ಎಳೆದು ಕೂರಿಸಿ, ರಾತ್ರಿ ಇಡೀ ಅದರ ತೂಕಕ್ಕೆ ಅದೇ ಇಸ್ತ್ರಿ ಆಗತ್ತೆ. ಪ್ರಯಾಣಕ್ಕಾದ್ರೆ ಮಡಚೋದು ಬೇಡ, ಉದ್ದಕ್ಕೆ ಸುರುಳಿ ಸುತ್ತಿ ಹಳೇ ಸ್ಟಾಕಿಂಗ್ಸ್ ಒಳಗೆ ತೂರಿಸಿ ಸೂಟ್‌ಕೇಸಿಗೆ ಹಾಕ್ತಾರೆ ಇಲ್ಲಿಯವರು, ನಾನು ಡಿಸೆಂಬರಲ್ಲಿ ಊರಿಗೆ ಹಾಗೇ ತಗೊಂಡು ಹೋಗಿದ್ದೆ, ನೆರಿಗೆ ಒಂಚೂರೂ ಕೆಡಲಿಲ್ಲ.

ಶನಿವಾರ ಪೆಂಟ್‌ಲ್ಯಾಂಡ್ ಗುಡ್ಡಕ್ಕೆ ಹೋಗೋ ಪ್ಲಾನ್ ಇದೆ, ಹಿಮ ಬೀಳತ್ತೆ ಅಂತಿದ್ದಾರೆ. ಹಿಮ ಸಾಕ್ಸಿನ ಮಡಿಕೆ ಒಳಗೆ ಹೋಗಿ ಕರಗಿದ್ರೆ ಬೂಟ್ ತುಂಬಾ ನೀರು, ಅದಕ್ಕೆ ಬೂಟಿನ ಮೇಲಿಂದ ಕಾಲಿಗೆ ಸುತ್ತೋ ಗೇಟರ್ಸ್ ಬೇಕು, ಹೋದ ವರ್ಷ ಎಲ್ಲೋ ಮೇಲೆ ಎತ್ತಿಟ್ಟಿದ್ದೀನಿ, ಈಗ ಹುಡುಕ್ಬೇಕು.